ನಡೆಯಲಿ, ಮಾತಾಡಲಿ ಎಂದು ಕಾಯಬೇಡಿ. ಮಗುವನ್ನು ಅಂಗನವಾಡಿಗೆ ಕಳುಹಿಸಿ

ಮೇ ತಿಂಗಳು ಮುಗಿದು ಜೂನ್ ಬಂತೆಂದರೆ ಕಾಸರಗೋಡು ಜಿಲ್ಲೆಯ ಅಂಗನವಾಡಿಗಳಲ್ಲಿ ಪ್ರವೇಶೋತ್ಸವದ ಸಡಗರ. ಬಾಗಿಲಿಗೆ ಬಣ್ಣದ ಕಾಗದದ ತೋರಣ, ಕಿಟಿಕಿಗೆ ಬಲೂನು, ಪುಟಾಣಿಗಳ ತಲೆಗೆ ಕಾಗದದ ಕಿರೀಟ, ಕೈಗೊಂದು ಮಿಠಾಯಿ. ವಾರ್ಡ್ ಸದಸ್ಯರು ಬಂದು ಎರಡು ಮಾತಾಡುತ್ತಾರೆ, ಫೋಟೋ ತೆಗೆಯುತ್ತಾರೆ. ಆದರೆ ಅದೇ ವಾರ್ಡಿನಲ್ಲಿ ಮೂರು ವರ್ಷ ತುಂಬಿದ ಇನ್ನೊಂದು ಮಗು ಅಂದು ಮನೆಯ ಚಾವಡಿಯಲ್ಲೇ ಉಳಿದಿರುತ್ತದೆ. ಕೇಳಿದರೆ ಮನೆಮಂದಿಯ ಉತ್ತರ ಸಿದ್ಧ. "ಅವ ಇನ್ನೂ ಸರಿಯಾಗಿ ನಡೆಯುವುದಿಲ್ಲ. ನಡೆಯಲು ಶುರು ಮಾಡಿದ ಮೇಲೆ ಕಳಿಸುವ." "ಮಾತು ಬರಲಿ, ಹೊಟ್ಟೆ ಹಸಿದರೆ ಹೇಳಲಾದರೂ ಗೊತ್ತಾಗಬೇಕಲ್ಲ." "ಚಡ್ಡಿ ಒದ್ದೆ ಮಾಡಿಕೊಂಡರೆ ಟೀಚರ್ ಏನೆನ್ನುತ್ತಾರೋ."

ಈ ಮಾತುಗಳಲ್ಲಿ ಪ್ರೀತಿ ಇದೆ, ಹೆದರಿಕೆಯೂ ಇದೆ. ಊರವರು ಮಗುವನ್ನು ನೋಡಿ ಏನೆಂದುಕೊಂಡಾರು ಎಂಬ ಅಳುಕೂ ಸ್ವಲ್ಪ ಇದೆ. ಆದರೆ ಇದರ ಲೆಕ್ಕ ಮಾತ್ರ ತಲೆಕೆಳಗು. ಈಜು ಕಲಿತ ಮೇಲೆ ನೀರಿಗೆ ಇಳಿಸುತ್ತೇನೆ ಎಂದ ಹಾಗೆ. ನಡೆಯುವುದು, ಮಾತಾಡುವುದು, ಉಣ್ಣುವುದು, ಹೊರಗೆ ಹೋಗಬೇಕೆಂದು ಸನ್ನೆ ಮಾಡುವುದು ಇವೆಲ್ಲ ಅಂಗನವಾಡಿಗೆ ಸೇರಲು ಬೇಕಾದ ಅರ್ಹತೆಗಳಲ್ಲ. ಮಗು ಅಲ್ಲಿಗೆ ಹೋಗಿ ಕಲಿಯಬೇಕಾದ ಪಾಠಗಳೇ ಇವು. ನಿಧಾನವಾಗಿ ಬೆಳೆಯುವ ಮಗುವಿಗೆ ಈ ಪಾಠ ಉಳಿದವರಿಗಿಂತ ಬೇಗ ಶುರುವಾಗಬೇಕು. ಏಕೆಂದರೆ ಅದಕ್ಕೆ ಹೆಚ್ಚು ಸಮಯ ಬೇಕು.

ಮೈಲಿಗಲ್ಲು ಎಂದರೇನು?

ಮಗು ಮೊದಲು ನಗುವುದು, ಕತ್ತು ನಿಲ್ಲಿಸುವುದು, ಮಗುಚಿಕೊಳ್ಳುವುದು, ಕುಳಿತುಕೊಳ್ಳುವುದು, ನಿಲ್ಲುವುದು, ಹೆಜ್ಜೆ ಇಡುವುದು, ಅಮ್ಮ ಎನ್ನುವುದು ಇವುಗಳನ್ನು ವೈದ್ಯರು ಬೆಳವಣಿಗೆಯ ಮೈಲಿಗಲ್ಲುಗಳು ಎನ್ನುತ್ತಾರೆ. ರಸ್ತೆಯ ಮೈಲಿಗಲ್ಲಿಗೂ ಇದಕ್ಕೂ ಒಂದು ವ್ಯತ್ಯಾಸ ಇದೆ. ಎಲ್ಲ ಮಕ್ಕಳೂ ಒಂದೇ ದಿನ, ಒಂದೇ ತಿಂಗಳಲ್ಲಿ ಇವನ್ನು ದಾಟುವುದಿಲ್ಲ. ವಿಶ್ವ ಆರೋಗ್ಯ ಸಂಸ್ಥೆ ಭಾರತ, ಘಾನಾ, ನಾರ್ವೆ, ಒಮಾನ್ ಮತ್ತು ಅಮೆರಿಕದ ಆರೋಗ್ಯವಂತ ಮಕ್ಕಳನ್ನು ಗಮನಿಸಿ 2006ರಲ್ಲಿ ಪ್ರಕಟಿಸಿದ ಲೆಕ್ಕದ ಪ್ರಕಾರ, ಆಧಾರವಿಲ್ಲದೆ ಕುಳಿತುಕೊಳ್ಳುವ ವಯಸ್ಸು 3.8 ತಿಂಗಳಿಂದ 9.2 ತಿಂಗಳ ವರೆಗೆ ಹರಡಿದೆ. ತಾನಾಗಿ ನಡೆಯುವ ವಯಸ್ಸು 8.2 ತಿಂಗಳಿಂದ 17.6 ತಿಂಗಳ ವರೆಗೆ. ಕೆಲವು ಮಕ್ಕಳು ಅಂಬೆಗಾಲಿಡದೆಯೇ ನೇರವಾಗಿ ಎದ್ದು ನಡೆದದ್ದೂ ಇದೆ. ಆದ್ದರಿಂದ ಪಕ್ಕದ ಮನೆಯ ಮಗು ಹತ್ತು ತಿಂಗಳಿಗೆ ನಡೆಯಿತು, ನಮ್ಮದು ಹದಿನಾಲ್ಕಾದರೂ ಇಲ್ಲ ಎಂದು ಗಾಬರಿಯಾಗಬೇಕಿಲ್ಲ. ಹದಿನೆಂಟು ತಿಂಗಳು ಕಳೆದರೂ ನಡೆಯದಿದ್ದರೆ ಮಾತ್ರ ವೈದ್ಯರಿಗೆ ತೋರಿಸದೆ ಕೂರಬಾರದು.

ಇದನ್ನು ಪರೀಕ್ಷಿಸಲು ಕೇರಳದಲ್ಲೇ ತಯಾರಾದ ಒಂದು ಸರಳ ಸಾಧನವಿದೆ. ತಿರುವನಂತಪುರದ ಡಾ. ಎಂ.ಕೆ.ಸಿ. ನಾಯರ್ ಮತ್ತು ಸಂಗಡಿಗರು 1991ರಲ್ಲಿ ಪ್ರಕಟಿಸಿದ ಬೆಳವಣಿಗೆಯ ಪಟ್ಟಿ ಇದು. ಎರಡು ವರ್ಷದೊಳಗಿನ ಮಕ್ಕಳಿಗಾಗಿ 17 ಅಂಶಗಳು. ಮುಂದೆ ಆರು ವರ್ಷದ ವರೆಗಿನ 51 ಅಂಶಗಳ ಪಟ್ಟಿಯೂ ಬಂತು. ಒಂದು ಹಾಳೆಯ ಅಡಿಯಲ್ಲಿ ತಿಂಗಳುಗಳನ್ನು ಬರೆದಿರುತ್ತಾರೆ. ಪ್ರತಿಯೊಂದು ಮೈಲಿಗಲ್ಲಿಗೂ ಒಂದು ಅಡ್ಡಪಟ್ಟಿ. ಪಟ್ಟಿಯ ಎಡತುದಿ ನೂರರಲ್ಲಿ ಮೂರು ಮಕ್ಕಳು ಅದನ್ನು ಕಲಿತಿರುವ ವಯಸ್ಸು. ಬಲತುದಿ ತೊಂಬತ್ತೇಳು ಮಕ್ಕಳು ಕಲಿತಿರುವ ವಯಸ್ಸು. ಮಗುವಿನ ವಯಸ್ಸಿನ ಜಾಗದಲ್ಲಿ ಪೆನ್ಸಿಲನ್ನು ನೇರವಾಗಿ ಇಡಬೇಕು. ಪೆನ್ಸಿಲಿನ ಎಡಕ್ಕೆ ಪೂರ್ತಿ ಮುಗಿದುಹೋದ ಪಟ್ಟಿಗಳಲ್ಲಿ ಯಾವುದಾದರೂ ಮಗುವಿಗೆ ಬಾರದಿದ್ದರೆ ಹೆಚ್ಚಿನ ಪರೀಕ್ಷೆಗೆ ಕಳುಹಿಸಬೇಕು. ಇದನ್ನು ನೋಡಲು ಯಂತ್ರವೂ ಬೇಡ, ದೊಡ್ಡ ಆಸ್ಪತ್ರೆಯೂ ಬೇಡ. ಸ್ವಲ್ಪ ತರಬೇತಿ ಮತ್ತು ಒಂದೈದಾರು ನಿಮಿಷ ಸಾಕು.

ದಿನ ತುಂಬುವ ಮೊದಲೇ ಹುಟ್ಟಿದ ಮಕ್ಕಳಿಗೆ ಒಂದು ರಿಯಾಯಿತಿ ಇದೆ. ಎಂಟು ವಾರ ಮೊದಲು ಹುಟ್ಟಿದ ಮಗುವಿಗೆ ಆರು ತಿಂಗಳು ತುಂಬಿದಾಗ ಅದರಿಂದ ನಾಲ್ಕು ತಿಂಗಳ ಮಗುವಿನ ಕೆಲಸವನ್ನಷ್ಟೇ ನಿರೀಕ್ಷಿಸಬೇಕು. ಎರಡು ವರ್ಷದ ವರೆಗೆ ಹೀಗೆ ಕಳೆದು ಲೆಕ್ಕ ಹಾಕುವುದು ರೂಢಿ.

ಅದೇ ದಾರಿ, ನಿಧಾನದ ನಡಿಗೆ

ಉದಾಹರಣೆಗೆ ಡೌನ್ ಸಿಂಡ್ರೋಮ್ ಇರುವ ಮಗುವನ್ನು ತೆಗೆದುಕೊಳ್ಳೋಣ. ನಮ್ಮ ಶರೀರದ ಪ್ರತಿ ಜೀವಕೋಶದಲ್ಲಿ 46 ವರ್ಣತಂತುಗಳು. ಈ ಮಕ್ಕಳಲ್ಲಿ 21ನೆಯ ವರ್ಣತಂತುವಿನ ಒಂದು ಹೆಚ್ಚುವರಿ ಪ್ರತಿ ಸೇರಿ 47 ಇರುತ್ತವೆ. ಫ್ರಾನ್ಸಿನ ಜೆರೋಮ್ ಲೆಜೂನ್ ಮತ್ತು ಸಂಗಡಿಗರು 1959ರಲ್ಲಿ ಇದನ್ನು ಪ್ರಕಟಿಸಿದರು. ಗರ್ಭಿಣಿ ತಿಂದದ್ದರಿಂದ, ನೋಡಿದ್ದರಿಂದ, ಗ್ರಹಣದಿಂದ, ಯಾರದೋ ಶಾಪದಿಂದ ಇದು ಬರುವುದಲ್ಲ. ತಾಯಿಯ ಪ್ರಾಯ ಹೆಚ್ಚಾದಂತೆ ಸಾಧ್ಯತೆ ಹೆಚ್ಚುತ್ತದೆ ನಿಜ, ಆದರೆ ಎಳೆ ಪ್ರಾಯದ ತಾಯಂದಿರಿಗೂ ಇಂಥ ಮಕ್ಕಳು ಹುಟ್ಟುತ್ತಾರೆ.

ಈ ಮಕ್ಕಳ ಸ್ನಾಯುಗಳು ಮೆತ್ತಗೆ, ಕೀಲುಗಳು ಸಡಿಲ. ಆದ್ದರಿಂದ ಕುಳಿತುಕೊಳ್ಳುವುದು ಸರಾಸರಿ ಹನ್ನೊಂದು ತಿಂಗಳ ಸುಮಾರಿಗೆ. ನಡೆಯುವುದು ಸುಮಾರು ಎರಡು ವರ್ಷಕ್ಕೆ, ಕೆಲವರಿಗೆ ನಾಲ್ಕು ವರ್ಷವೂ ಆಗುತ್ತದೆ. ಮಾತು ಇನ್ನೂ ತಡ. ಆದರೆ ಕೇಳಿ ಅರ್ಥ ಮಾಡಿಕೊಳ್ಳುವ ಶಕ್ತಿ ಆಡುವ ಮಾತಿಗಿಂತ ಎಷ್ಟೋ ಮುಂದಿರುತ್ತದೆ. ಕಿವಿಯಲ್ಲಿ ಕೇಳಿದ್ದಕ್ಕಿಂತ ಕಣ್ಣಿಂದ ನೋಡಿದ್ದನ್ನು ಬೇಗ ಹಿಡಿಯುತ್ತಾರೆ. ಬೇರೆ ಮಕ್ಕಳು ಮಾಡಿದ್ದನ್ನು ನೋಡಿ ಹಾಗೆಯೇ ಮಾಡುವುದರಲ್ಲಿ ಅವರಿಗೆ ಬಹಳ ಉತ್ಸಾಹ. ಅನುಕರಣೆ ಮಾಡಿ ಕಲಿಯುವ ಮಗುವಿನ ಎದುರು ಅನುಕರಿಸಲು ಇನ್ನೊಂದು ಮಗು ಬೇಡವೇ? ಚಾವಡಿಯಲ್ಲಿ ಅಜ್ಜಿಯ ಪಕ್ಕ ಟೀವಿ ನೋಡುತ್ತಾ ಕುಳಿತರೆ ಅದು ಯಾರನ್ನು ನೋಡಿ ಕಲಿಯಬೇಕು?

ಎಲ್ಲ ಮಕ್ಕಳ ಲೆಕ್ಕವೂ ಹೀಗೆಯೇ ಅಲ್ಲ. ಹೆರಿಗೆಯ ಹೊತ್ತಿಗೆ ಅಥವಾ ಅದರ ಆಸುಪಾಸಿನಲ್ಲಿ ಮಿದುಳಿಗೆ ಪೆಟ್ಟಾಗಿ ಕೈಕಾಲು ಬಿಗಿಯಾದ ಮಗುವಿಗೆ ಸರಿಯಾಗಿ ಕೂರಿಸುವುದೇ ಮೊದಲ ಕೆಲಸ. ಆಟಿಸಂ ಇರುವ ಮಗು ಸಮಯಕ್ಕೆ ಸರಿಯಾಗಿ ನಡೆದಿರಬಹುದು, ಆದರೆ ಹೆಸರು ಕರೆದರೆ ತಿರುಗಿ ನೋಡುವುದಿಲ್ಲ, ಬೆರಳು ತೋರಿಸಿ ಏನನ್ನೂ ಕೇಳುವುದಿಲ್ಲ. ಅಂಥ ಮಗುವಿಗೆ ಬಲೂನು, ಚಪ್ಪಾಳೆ, ಧ್ವನಿವರ್ಧಕಗಳ ಪ್ರವೇಶೋತ್ಸವವೇ ಸಹಿಸಲಾಗದ ಹಿಂಸೆ. ಅವರನ್ನು ಒಂದು ವಾರ ಮೊದಲೇ, ಗದ್ದಲ ಇಲ್ಲದ ಹೊತ್ತಿನಲ್ಲಿ ಕರೆದುಕೊಂಡು ಹೋಗಿ ಕೋಣೆಯನ್ನೂ ಟೀಚರನ್ನೂ ಪರಿಚಯಿಸುವುದು ಒಳ್ಳೆಯದು.

ಕಾಯುವುದರಲ್ಲಿ ಕಳೆದುಹೋಗುವುದೇನು?

ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ ಎಂಬ ಗಾದೆ ಮಿದುಳಿನ ವಿಷಯದಲ್ಲೂ ಸಲ್ಲುತ್ತದೆ. ಮೊದಲ ಕೆಲವು ವರ್ಷಗಳಲ್ಲಿ ಮಿದುಳಿನ ನರಕೋಶಗಳ ನಡುವೆ ಹೊಸ ಹೊಸ ಜೋಡಣೆಗಳು ಬಹಳ ವೇಗವಾಗಿ ಆಗುತ್ತವೆ. ಬಳಕೆಯಾದವು ಗಟ್ಟಿಯಾಗುತ್ತವೆ, ಬಳಕೆಯಾಗದವು ಕಳಚಿಕೊಳ್ಳುತ್ತವೆ. ಐದು ವರ್ಷವಾದ ಮೇಲೆ ಕಲಿಯಲಾಗುವುದಿಲ್ಲ ಎಂದಲ್ಲ. ಆದರೆ ಎರಡರಲ್ಲಿ ಶುರು ಮಾಡಿದರೆ ಸುಲಭವಾಗಿ ಆಗುವ ಕೆಲಸಕ್ಕೆ ಐದರಲ್ಲಿ ಬಹಳ ಬೆವರು ಸುರಿಸಬೇಕಾಗುತ್ತದೆ.

ಕಾಯುವುದರಲ್ಲಿ ಇನ್ನೊಂದು ಅಪಾಯವೂ ಇದೆ. ಮಾತು ಬಾರದಿರುವುದಕ್ಕೆ ಕಿವಿ ಕೇಳದಿರುವುದು ಕಾರಣವಾಗಿರಬಹುದು. ಡೌನ್ ಸಿಂಡ್ರೋಮ್ ಇರುವ ಮಕ್ಕಳಲ್ಲಿ ಕಿವಿಯೊಳಗೆ ದ್ರವ ಕಟ್ಟಿಕೊಂಡು ಕೇಳುವ ಶಕ್ತಿ ಕುಂದುವುದು ಸಾಮಾನ್ಯ. ಸುಮಾರು ಅರ್ಧದಷ್ಟು ಮಕ್ಕಳಿಗೆ ಹುಟ್ಟುವಾಗಲೇ ಹೃದಯದ ತೊಂದರೆ ಇರುತ್ತದೆ. ಥೈರಾಯ್ಡ್ ಮತ್ತು ಕಣ್ಣಿನ ದೋಷಗಳೂ ಹೆಚ್ಚು. ಇವೆಲ್ಲ ಪರೀಕ್ಷೆ ಮಾಡಿದರೆ ಗೊತ್ತಾಗುವಂಥವು, ಚಿಕಿತ್ಸೆ ಇರುವಂಥವು. ಥೈರಾಯ್ಡ್ ಕಡಿಮೆಯಾಗಿ ಮಂಕಾಗಿರುವ ಮಗುವನ್ನು "ಅವನ ಸ್ವಭಾವವೇ ಹಾಗೆ" ಎಂದು ಬಿಟ್ಟುಬಿಟ್ಟರೆ ಅದರಷ್ಟು ಅನ್ಯಾಯ ಬೇರೆ ಇಲ್ಲ. ಕತ್ತಿನ ಮೂಳೆಗಳ ಹಿಡಿತ ಸಡಿಲ ಇರಬಹುದಾದ್ದರಿಂದ ಈ ಮಕ್ಕಳಿಗೆ ಲಾಗ ಹಾಕಿಸುವುದು, ಕತ್ತನ್ನು ಬಲವಂತದಿಂದ ಬಗ್ಗಿಸುವುದು ಕೂಡದು.

ಪರೀಕ್ಷೆಯ ಬದಲು ನಮ್ಮಲ್ಲಿ ನಡೆಯುವುದು ಬೇರೆ. ಬಜೆ ತೇಯ್ದು ನಾಲಗೆಗೆ ಹಚ್ಚಿದರೆ ಮಾತು ಬರುತ್ತದೆ ಎಂದು ವರ್ಷ ಕಳೆಯುತ್ತಾರೆ. 2019ರ ಡಿಸೆಂಬರ್ 26ರ ಕಂಕಣ ಸೂರ್ಯಗ್ರಹಣವನ್ನು ನಮ್ಮ ಜಿಲ್ಲೆಯ ಚೆರುವತ್ತೂರಿನಲ್ಲಿ ಜನ ಕನ್ನಡಕ ಹಾಕಿಕೊಂಡು ನೋಡಿ ಸಂತೋಷಪಟ್ಟರು. ಅದೇ ದಿನ, ಅದೇ ಗ್ರಹಣದ ಹೊತ್ತಿನಲ್ಲಿ ಕಲಬುರಗಿ ಸಮೀಪದ ತಾಜ್ ಸುಲ್ತಾನಪುರದಲ್ಲಿ ಅಂಗವೈಕಲ್ಯವಿದ್ದ ಮಕ್ಕಳನ್ನು ಕುತ್ತಿಗೆಯ ವರೆಗೆ ಮಣ್ಣಿನಲ್ಲಿ ಹೂತು ನಿಲ್ಲಿಸಿದ ಸುದ್ದಿ ಪತ್ರಿಕೆಗಳಲ್ಲಿ ಬಂತು. ಆ ಹೆತ್ತವರನ್ನು ಬೈದು ಪ್ರಯೋಜನವಿಲ್ಲ. ಮಗು ನಡೆಯಬೇಕೆಂಬ ಆಸೆಯಿಂದಲೇ ಅವರು ಹಾಗೆ ಮಾಡಿದ್ದು. ಸರಿಯಾದ ದಾರಿಯನ್ನು ಹತ್ತಿರದಲ್ಲಿ, ಅರ್ಥವಾಗುವ ಮಾತಿನಲ್ಲಿ ಯಾರೂ ತೋರಿಸದಿದ್ದರೆ ಆಸೆ ಹೀಗೆ ಮಣ್ಣುಪಾಲಾಗುತ್ತದೆ.

ಕಾಯದೆ ವೈದ್ಯರಲ್ಲಿ ಹೋಗಬೇಕಾದ ಸಂದರ್ಭಗಳು ಇಷ್ಟು. ಮೂರು ತಿಂಗಳಾದರೂ ಮುಖ ನೋಡಿ ನಗದಿರುವುದು. ಐದು ತಿಂಗಳಾದರೂ ಕತ್ತು ನಿಲ್ಲದಿರುವುದು. ಹತ್ತು ತಿಂಗಳಾದರೂ ಕುಳಿತುಕೊಳ್ಳದಿರುವುದು. ಒಂದು ವರ್ಷದೊಳಗೇ ಒಂದೇ ಕೈಯನ್ನು ಮಾತ್ರ ಬಳಸಿ ಇನ್ನೊಂದನ್ನು ಮುಷ್ಟಿ ಬಿಗಿದಿಡುವುದು. ಒಂದೂವರೆ ವರ್ಷವಾದರೂ ಒಂದು ಪದವೂ ಇಲ್ಲದಿರುವುದು. ಎರಡು ವರ್ಷವಾದರೂ ಎರಡು ಪದ ಜೋಡಿಸದಿರುವುದು. ಎಲ್ಲಕ್ಕಿಂತ ಮುಖ್ಯವಾಗಿ, ಕಲಿತದ್ದನ್ನು ಮಗು ಮರೆಯಲು ಶುರು ಮಾಡಿದರೆ ಯಾವ ವಯಸ್ಸಿನಲ್ಲಾದರೂ ಕೂಡಲೇ ಹೋಗಬೇಕು.

ಅಂಗನವಾಡಿಯಲ್ಲಿ ಕಲಿಯುವುದು ಏನು?

ಅಲ್ಲಿ ಏನು ಕಲಿಸುತ್ತಾರೆ, ಬರೀ ಹಾಡು, ಆಟ, ಗಂಜಿ ಎನ್ನುವವರಿದ್ದಾರೆ. ಈ ಮಗುವಿಗೆ ಬೇಕಾದದ್ದು ನಿಖರವಾಗಿ ಅದೇ.

ಮೊದಲು ಕುಳಿತುಕೊಳ್ಳುವುದು. ಮಗುವಿನ ಪಾದ ನೆಲಕ್ಕೆ ತಾಗುವಷ್ಟು ಎತ್ತರದ ಕುರ್ಚಿ ಇದ್ದರೆ ಬೆನ್ನು ತಾನಾಗಿ ನೆಟ್ಟಗಾಗುತ್ತದೆ, ಕೈ ಎರಡೂ ಆಟಕ್ಕೆ ಸಿಗುತ್ತವೆ. ಕುರ್ಚಿ ಎತ್ತರವಾದರೆ ಕಾಲಡಿಗೆ ಒಂದು ಮಣೆ ಇಟ್ಟರಾಯಿತು. ಪಕ್ಕಕ್ಕೆ ವಾಲುವ ಮಗುವಿಗೆ ಸುತ್ತಿದ ಬೈರಾಸನ್ನು ಒತ್ತಿಟ್ಟರೆ ಆಧಾರ. ಇವುಗಳಿಗೆ ಯಾವ ಅನುದಾನವೂ ಬೇಡ.

ಎರಡನೆಯದು ಉಣ್ಣುವುದು. ಆರು ತಿಂಗಳಿಂದ ಮೂರು ವರ್ಷದ ಮಕ್ಕಳಿಗೆ ಅಂಗನವಾಡಿಯಿಂದ ಮನೆಗೆ ಕೊಡುವ ಅಮೃತಂ ಪುಡಿ ನಮ್ಮೆಲ್ಲರಿಗೂ ಗೊತ್ತು. ಕುಟುಂಬಶ್ರೀ ಘಟಕಗಳು ತಯಾರಿಸುವಂಥದ್ದು. ನುಂಗಲು ಸುಲಭ ಎಂದು ನಿಧಾನದ ಮಗುವಿಗೆ ಅದನ್ನೇ, ಅಥವಾ ಹಿಸುಕಿದ ಗಂಜಿಯನ್ನೇ ನಾಲ್ಕು ವರ್ಷವಾದರೂ ತಿನ್ನಿಸುವ ಮನೆಗಳಿವೆ. ಜಗಿಯದ ಬಾಯಿಗೆ ಬಲ ಬರುವುದಿಲ್ಲ. ಜಗಿಯುವ ತುಟಿ, ನಾಲಗೆ, ದವಡೆಗಳೇ ಮುಂದೆ ಮಾತಾಡಬೇಕಾದವು. ಸಾಲಾಗಿ ಕುಳಿತ ಹತ್ತು ಮಕ್ಕಳು ಉಪ್ಪಿಟ್ಟು ಜಗಿಯುವುದನ್ನು ನೋಡಿದ ಮಗು ತಾನೂ ಒಂದು ತುತ್ತು ಬಾಯಿಗೆ ಹಾಕಿಕೊಳ್ಳುತ್ತದೆ. ಉಣ್ಣುವಾಗ ಪದೇ ಪದೇ ಕೆಮ್ಮುವ, ನೆತ್ತಿಗೇರುವ ಮಗುವಾದರೆ ಮಾತ್ರ ಮೊದಲು ವೈದ್ಯರ ಸಲಹೆ ಪಡೆಯಬೇಕು.

ಮೂರನೆಯದು ಬಟ್ಟೆ, ಶೌಚ, ಕೈತೊಳೆಯುವ ಅಭ್ಯಾಸ. ವಿಶೇಷ ಶಿಕ್ಷಕರು ಇದಕ್ಕೊಂದು ಉಪಾಯ ಹೇಳಿಕೊಡುತ್ತಾರೆ. ಕೆಲಸವನ್ನು ಸಣ್ಣ ಸಣ್ಣ ಮೆಟ್ಟಿಲುಗಳಾಗಿ ಒಡೆಯುವುದು, ಕೊನೆಯ ಮೆಟ್ಟಿಲನ್ನು ಮೊದಲು ಕಲಿಸುವುದು. ಚಡ್ಡಿ ಹಾಕುವುದೆಂದರೆ ಕಾಲು ತೂರಿಸಬೇಕು, ಮೊಣಕಾಲಿಗೆ ಎಳೆಯಬೇಕು, ತೊಡೆಗೆ ಏರಿಸಬೇಕು, ಸೊಂಟಕ್ಕೆ ತರಬೇಕು. ಮೊದಲ ಮೂರನ್ನು ನೀವು ಮಾಡಿ. ಸೊಂಟಕ್ಕೆ ಏರಿಸುವ ಕೊನೆಯ ಎಳೆತವನ್ನು ಮಗುವಿಗೆ ಬಿಡಿ. ಕೆಲಸ ಮುಗಿಸಿದ ಸಂತೋಷ ಅದಕ್ಕೇ ಸಿಗುತ್ತದೆ. ಅದು ಪಳಗಿದ ಮೇಲೆ ತೊಡೆಯಿಂದ, ಆಮೇಲೆ ಮೊಣಕಾಲಿನಿಂದ. ಮೊದಲ ಮೆಟ್ಟಿಲಿನಿಂದಲೇ ಶುರು ಮಾಡಿದರೆ ಮಗು ಪ್ರತಿ ದಿನವೂ ನಡುವೆ ಸೋತು ಬಿಡುತ್ತದೆ.

ನಾಲ್ಕನೆಯದು ಮಾತು. ಮಾತು ಎಂದರೆ ಬಾಯಿ ಮಾತ್ರವಲ್ಲ. ನೀರಿಗೆ ಹೆಬ್ಬೆರಳು ಬಾಯಿಗೆ ತೋರಿಸುವುದು, ಸಾಕು ಎಂದು ಕೈಯಾಡಿಸುವುದು, ಲೋಟದ ಚಿತ್ರ ತೋರಿಸಿ ಕೇಳುವುದು ಎಲ್ಲವೂ ಮಾತೇ. ಸನ್ನೆ ಕಲಿಸಿದರೆ ಮಗು ಮಾತಾಡಲು ಸೋಮಾರಿಯಾಗುತ್ತದೆ ಎಂಬ ಹೆದರಿಕೆ ಬೇಡ. ಸನ್ನೆ ಮಾತಿಗೆ ಅಡ್ಡಿಯಾಗುವುದಿಲ್ಲ, ಮಾತಿನ ಕಡೆಗೆ ಇಡುವ ಮೊದಲ ಹೆಜ್ಜೆಯಾಗುತ್ತದೆ. ಹೇಳಲಾಗದ ಸಿಟ್ಟಿಗೆ ತಲೆ ಬಡಿದುಕೊಳ್ಳುವುದೂ ಕಡಿಮೆಯಾಗುತ್ತದೆ.

ಅನ್ನಕ್ಕೆ ಎಷ್ಟು ಹೆಸರು?

ಗಡಿನಾಡಿನ ಮಗುವಿಗೆ ಬೇರೆಡೆ ಇಲ್ಲದ ಒಂದು ತೊಡಕು ಇದೆ. ಅದನ್ನು ತಿರುವನಂತಪುರದಲ್ಲೂ ಬೆಂಗಳೂರಿನಲ್ಲೂ ಅಷ್ಟಾಗಿ ಯೋಚಿಸಿದವರಿಲ್ಲ.

ಮಂಜೇಶ್ವರ, ಕುಂಬಳೆ, ಬದಿಯಡ್ಕ, ಪೆರ್ಲ ಕಡೆಯ ಮಗುವಿಗೆ ಅನ್ನ ಎಂದರೆ ಕನ್ನಡದ ಮನೆಯಲ್ಲಿ ಅನ್ನ, ತುಳು ಮನೆಯಲ್ಲಿ ನುಪ್ಪು, ಹವ್ಯಕರ ಮನೆಯಲ್ಲಿ ಅಶನ, ಕೊಂಕಣಿ ಮನೆಯಲ್ಲಿ ಶೀತ. ಅದೇ ಮಗು ಪರೀಕ್ಷೆಗೆಂದು ಹೋದಲ್ಲಿ ಚೋರು ಎಂದು ಕೇಳಿದರೆ ಸುಮ್ಮನೆ ಕುಳಿತಿರುತ್ತದೆ. "ವೆಳ್ಳಂ ಎವಿಡೆ?" ಎಂದಾಗ ತಂಬಿಗೆಯ ಕಡೆ ನೋಡುವುದಿಲ್ಲ. ನೀರು ಎಂದರೆ ನೋಡುತ್ತಿತ್ತು. ಆದರೆ ಕಾಗದದ ಮೇಲೆ ಬೀಳುವ ಗುರುತು "ಅರ್ಥವಾಗುವುದಿಲ್ಲ" ಎಂದೇ. ಹೀಗೆ ಮಗುವಿನ ಬುದ್ಧಿಯ ಅಳತೆ ಇದ್ದದ್ದಕ್ಕಿಂತ ಕೆಳಗಿಳಿಯುತ್ತದೆ. ಮಂಗಳೂರಿಗೆ ಹೋದರೆ ಭಾಷೆಯ ತೊಂದರೆ ಕಡಿಮೆ, ಆದರೆ ಅದು ಬೇರೆ ರಾಜ್ಯ. ಕೇರಳ ಸರ್ಕಾರದ ಸೌಲಭ್ಯದ ಕಾಗದಪತ್ರಗಳಿಗೆ ಮತ್ತೆ ಇಲ್ಲಿಗೇ ಬರಬೇಕು.

ಇದಕ್ಕೆ ಹೆತ್ತವರು ತಾವೇ ಮಾಡಬಹುದಾದ ಒಂದು ಕೆಲಸ ಇದೆ. ಪರೀಕ್ಷೆಗೆ ಹೋಗುವ ಮೊದಲು ಮಗುವಿಗೆ ಅರ್ಥವಾಗುವ ಮಾತುಗಳ ಪಟ್ಟಿ ಮಾಡಿ. ಒಂದು ಕಡೆ ಮನೆಯ ಮಾತು, ಎದುರಿಗೆ ಮಲಯಾಳದ ಮಾತು. ಬಾ, ಕೊಡು, ನೀರು, ಚೆಂಡು, ಬೆಕ್ಕು, ಅಜ್ಜ, ಕಣ್ಣು, ಮೂಗು ಹೀಗೆ ಐವತ್ತಾದರೂ ಸಾಕು. ಪರೀಕ್ಷಿಸುವವರ ಕೈಗೆ ಅದನ್ನು ಕೊಟ್ಟು, "ಪ್ರಶ್ನೆಯನ್ನು ನಾನು ನಮ್ಮ ಭಾಷೆಯಲ್ಲಿ ಕೇಳುತ್ತೇನೆ, ನೀವು ನೋಡಿ" ಎಂದು ವಿನಂತಿಸಿ. ಒಳ್ಳೆಯ ಪರೀಕ್ಷಕರು ಖಂಡಿತ ಒಪ್ಪುತ್ತಾರೆ. ವರದಿಯಲ್ಲಿ ಮನೆಮಾತು ಯಾವುದೆಂದು ಬರೆಯಲು ಹೇಳುವುದನ್ನೂ ಮರೆಯಬೇಡಿ.

ಇನ್ನೊಂದು ಸಲಹೆ ಆಗಾಗ ಕೇಳಿಬರುತ್ತದೆ. "ಎರಡು ಮೂರು ಭಾಷೆ ಬೇಡ, ಮಗು ಗೊಂದಲವಾಗುತ್ತದೆ, ಮನೆಯಲ್ಲೂ ಮಲಯಾಳವೇ ಮಾತಾಡಿ." ಇದಕ್ಕೆ ಆಧಾರವಿಲ್ಲ. ಕೆನಡಾದ ಸಂಶೋಧಕರು 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಎರಡು ಭಾಷೆ ಕೇಳಿ ಬೆಳೆದ ಡೌನ್ ಸಿಂಡ್ರೋಮ್ ಮಕ್ಕಳು ಒಂದೇ ಭಾಷೆಯಲ್ಲಿ ಬೆಳೆದ ಅಂಥದೇ ಮಕ್ಕಳಿಗಿಂತ ಇಂಗ್ಲಿಷಿನಲ್ಲಿ ಹಿಂದೆ ಬಿದ್ದಿರಲಿಲ್ಲ. ಅಮ್ಮನಿಗೆ ಹಿಡಿತವಿಲ್ಲದ ಭಾಷೆಯಲ್ಲಿ ಅಮ್ಮ ಎಷ್ಟು ಮಾತಾಡಿಯಾಳು? ಜೋಗುಳ, ಕತೆ, ಬೈಗುಳ, ಮುದ್ದು ಎಲ್ಲ ತನ್ನ ಭಾಷೆಯಲ್ಲಲ್ಲವೇ? ಅದನ್ನು ಕಿತ್ತುಕೊಂಡರೆ ಮಗುವಿಗೆ ಸಿಗುವ ಮಾತೇ ಕಡಿಮೆಯಾಗುತ್ತದೆ. ಮನೆಯಲ್ಲಿ ಮನೆಮಾತು, ಅಂಗನವಾಡಿಯಲ್ಲಿ ಅಲ್ಲಿಯ ಮಾತು, ಎರಡೂ ಇರಲಿ. ಸನ್ನೆಗಳು ಮಾತ್ರ ಎರಡೂ ಕಡೆ ಒಂದೇ ಆಗಿರುವಂತೆ ಟೀಚರ್ ಜತೆ ಮಾತಾಡಿಕೊಳ್ಳಿ.

ಕಾನೂನು ಏನು ಹೇಳುತ್ತದೆ?

ಅಂಗನವಾಡಿಗಳನ್ನು ಒಳಗೊಂಡ ಸಮಗ್ರ ಶಿಶು ಅಭಿವೃದ್ಧಿ ಯೋಜನೆ ಶುರುವಾದದ್ದು 1975ರ ಅಕ್ಟೋಬರ್ 2ರಂದು. ಮೂರರಿಂದ ಆರು ವರ್ಷದ ಮಕ್ಕಳ ಶಾಲಾಪೂರ್ವ ಶಿಕ್ಷಣ ಅದರ ಮುಖ್ಯ ಕೆಲಸಗಳಲ್ಲಿ ಒಂದು. ಆದರೆ ಹಕ್ಕಿನ ಮಾತು ಬಂದಾಗ ಒಂದು ಕಂದಕ ಕಾಣುತ್ತದೆ. 2009ರ ಶಿಕ್ಷಣ ಹಕ್ಕು ಕಾಯ್ದೆ ಶುರುವಾಗುವುದು ಆರನೇ ವರ್ಷದಿಂದ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಉಚಿತ ಶಿಕ್ಷಣ ಶೇಕಡಾ 40 ಅಥವಾ ಹೆಚ್ಚು ಅಂಗವೈಕಲ್ಯ ಇರುವ ಆರರಿಂದ ಹದಿನೆಂಟು ವರ್ಷದವರಿಗೆ. ಆರು ವರ್ಷದ ಒಳಗಿನ ಮಕ್ಕಳ ಆರೈಕೆ, ಶಿಕ್ಷಣವನ್ನು ಸಂವಿಧಾನದ 45ನೆಯ ವಿಧಿ ಸರ್ಕಾರದ ಪ್ರಯತ್ನಕ್ಕೆ ಬಿಟ್ಟಿದೆ. ಮಿದುಳು ವೇಗವಾಗಿ ಬೆಳೆಯುವ ವರ್ಷಗಳಲ್ಲೇ ಕಾನೂನಿನ ಕೈ ಸಡಿಲ.

ಹಾಗೆಂದು ಕೈಯಲ್ಲಿ ಏನೂ ಇಲ್ಲವೆಂದಲ್ಲ. ಅಪಾಯದಲ್ಲಿರುವ ಮಕ್ಕಳನ್ನು ಗುರುತಿಸಲು ವರ್ಷಕ್ಕೊಮ್ಮೆಯಾದರೂ ಎಲ್ಲ ಮಕ್ಕಳನ್ನು ತಪಾಸಣೆ ಮಾಡಬೇಕೆಂದು 2016ರ ಕಾಯ್ದೆಯ 25ನೆಯ ಸೆಕ್ಷನ್ ಹೇಳುತ್ತದೆ. 2013ರಲ್ಲಿ ಆರಂಭವಾದ ರಾಷ್ಟ್ರೀಯ ಬಾಲ ಸ್ವಾಸ್ಥ್ಯ ಕಾರ್ಯಕ್ರಮದ ನಿಯಮದಂತೆ ಅಂಗನವಾಡಿ ಮಕ್ಕಳ ತಪಾಸಣೆ ವರ್ಷಕ್ಕೆ ಎರಡು ಸಲ ಆಗಬೇಕು. ತೊಂದರೆ ಕಂಡುಬಂದ ಮಕ್ಕಳನ್ನು ಕಳುಹಿಸಲು ಇದೇ ಕಾರ್ಯಕ್ರಮದಡಿ ಜಿಲ್ಲಾ ಆರಂಭಿಕ ಚಿಕಿತ್ಸಾ ಕೇಂದ್ರಗಳಿವೆ. ನಮ್ಮ ಜಿಲ್ಲೆಯದ್ದು ಕಾಞಂಗಾಡಿನಲ್ಲಿ. 2023ರ ನವೆಂಬರ್ 28ರಂದು ಕೇಂದ್ರ ಮಹಿಳಾ ಮತ್ತು ಮಕ್ಕಳ ಅಭಿವೃದ್ಧಿ ಸಚಿವಾಲಯ ಅಂಗವೈಕಲ್ಯವಿರುವ ಮಕ್ಕಳಿಗಾಗಿಯೇ ಅಂಗನವಾಡಿ ಮಾರ್ಗಸೂಚಿಯನ್ನು ಹೊರತಂದಿತು. ಬೇಗ ಗುರುತಿಸುವುದು, ಮಗುವನ್ನು ಊರಿನ ಕಾರ್ಯಕ್ರಮಗಳಲ್ಲಿ ಸೇರಿಸಿಕೊಂಡು ಮನೆಯವರಿಗೆ ಧೈರ್ಯ ಕೊಡುವುದು, ಆಶಾ ಕಾರ್ಯಕರ್ತೆ ಮತ್ತು ಆರೋಗ್ಯ ತಂಡದ ಮೂಲಕ ಮುಂದಿನ ಚಿಕಿತ್ಸೆಗೆ ಕಳುಹಿಸುವುದು ಎಂಬ ಮೂರು ಹಂತಗಳು ಅದರಲ್ಲಿವೆ. ಅಂದರೆ "ಇಂಥ ಮಕ್ಕಳನ್ನು ನೋಡಿಕೊಳ್ಳುವುದು ನಮ್ಮ ಕೆಲಸವಲ್ಲ" ಎನ್ನಲು ಈಗ ಯಾವ ಅಂಗನವಾಡಿಗೂ ದಾರಿಯಿಲ್ಲ.

ನಮ್ಮ ಜಿಲ್ಲೆಯಲ್ಲಿ ಇನ್ನೊಂದು ತಪ್ಪು ತಿಳಿವಳಿಕೆ ಇದೆ. ಸರ್ಕಾರಿ ಗೇರು ತೋಟಗಳ ಮೇಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸಿಂಪಡಿಸಿದ್ದು 2000ನೇ ಇಸವಿಯ ವರೆಗೆ. ಸುಪ್ರೀಂ ಕೋರ್ಟ್ 2011ರ ಮೇ 13ರಂದು ಅದನ್ನು ದೇಶಾದ್ಯಂತ ತಡೆಯಿತು, 2017ರ ಜನವರಿ 10ರಂದು ಸಂತ್ರಸ್ತರಿಗೆ ತಲಾ ಐದು ಲಕ್ಷ ರೂಪಾಯಿ ಪರಿಹಾರಕ್ಕೆ ಆದೇಶಿಸಿತು. ಆ ಹೋರಾಟ ಎಷ್ಟು ದೊಡ್ಡದೆಂದರೆ ಅಂಗವೈಕಲ್ಯ ಎಂದೊಡನೆ ಜನರ ಬಾಯಲ್ಲಿ ಮೊದಲು ಬರುವುದು "ಪಟ್ಟಿಯಲ್ಲಿ ಹೆಸರು ಉಂಟಾ?" ಎಂಬ ಪ್ರಶ್ನೆ. ಇಲ್ಲವೆಂದಾದರೆ ನಮಗೆ ಏನೂ ಸಿಗದು ಎಂದು ಕೈಚೆಲ್ಲುತ್ತಾರೆ. ಪರಿಹಾರದ ಮಾತು ಬೇರೆ. ಅಂಗನವಾಡಿ, ತಪಾಸಣೆ, ಆರಂಭಿಕ ಚಿಕಿತ್ಸಾ ಕೇಂದ್ರಗಳಿಗೆ ಯಾವ ಪಟ್ಟಿಯೂ ಬೇಡ.

ಅಂಗವೈಕಲ್ಯದ ಗುರುತುಚೀಟಿಗೆ ಅರ್ಜಿ ಹಾಕಿ. ಆಟಿಸಂ, ಮಿದುಳಿನ ಪಾರ್ಶ್ವವಾಯು, ಬುದ್ಧಿಯ ಬೆಳವಣಿಗೆಯ ಕೊರತೆ, ಬಹು ಅಂಗವೈಕಲ್ಯ ಇರುವವರಿಗೆ ನ್ಯಾಷನಲ್ ಟ್ರಸ್ಟಿನ ನಿರಾಮಯ ಆರೋಗ್ಯ ವಿಮೆ ಇದೆ. ವರ್ಷಕ್ಕೆ ಒಂದು ಲಕ್ಷ ರೂಪಾಯಿಯ ವರೆಗೆ. ಸಣ್ಣ ಮಕ್ಕಳ ಸರ್ಟಿಫಿಕೇಟು ಹೆಚ್ಚಾಗಿ ತಾತ್ಕಾಲಿಕ, ಮತ್ತೆ ಪರೀಕ್ಷೆ ಮಾಡಿಸಿ ನವೀಕರಿಸಬೇಕಾಗುತ್ತದೆ. ಅದು ಬರುವವರೆಗೆ ಅಂಗನವಾಡಿಗೆ ಸೇರಿಸುವುದನ್ನು ಮುಂದೂಡಬೇಡಿ.

2004ರಲ್ಲಿ ತಿರುವನಂತಪುರದ ವೆಂಙಾನೂರಿನಲ್ಲಿ ಮೊದಲಾದ ಬಡ್ಸ್ ಶಾಲೆಗಳು ನಮ್ಮ ಜಿಲ್ಲೆಯಲ್ಲೂ ಇವೆ. ಹೆಚ್ಚಿನ ಆಸರೆ ಬೇಕಾದ ಮಕ್ಕಳಿಗೆ ಅವು ದೊಡ್ಡ ಉಪಕಾರ. ಆದರೆ ಮೂರು ವರ್ಷದ ಮಗುವಿಗೆ ಮೊದಲ ಬಾಗಿಲು ಮನೆಯ ಹತ್ತಿರದ ಅಂಗನವಾಡಿಯೇ ಆಗಬೇಕು. ಮುಂದೆ ಯಾವ ಶಾಲೆ ಎಂಬುದನ್ನು ಮಗು ಬೆಳೆದ ಮೇಲೆ ನೋಡಿಕೊಳ್ಳಬಹುದು.

ಟೀಚರ್ ಕಷ್ಟವೂ ಸಣ್ಣದಲ್ಲ

ಅಂಗನವಾಡಿಯಲ್ಲಿ ಇರುವುದು ಒಬ್ಬ ಟೀಚರ್, ಒಬ್ಬ ಹೆಲ್ಪರ್. ಅಡುಗೆ, ತೂಕ, ರಿಜಿಸ್ಟರು, ಮೊಬೈಲಿನಲ್ಲಿ ಮಾಹಿತಿ ತುಂಬುವುದು, ಗರ್ಭಿಣಿಯರ ಮನೆಭೇಟಿ ಎಲ್ಲ ಅವರದೇ. ನಡುವೆ ನಡೆಯಲಾರದ ಒಂದು ಮಗುವೂ ಬಂದರೆ ಅವರು ಹಿಂಜರಿಯುವುದು ಸಹಜ. ಬೀಳಬಹುದು, ಫಿಟ್ಸ್ ಬರಬಹುದು, ಬೇರೆ ಮಕ್ಕಳ ಹೆತ್ತವರು ಗೊಣಗಬಹುದು ಎಂಬ ಭಯ. ಜಗಳ ಮಾಡಿ ಮಗುವನ್ನು ಬಿಟ್ಟು ಬಂದರೆ ಮಗುವಿಗೇ ತೊಂದರೆ.

ಮೊದಲ ಎರಡು ವಾರ ಅಮ್ಮ ಅಥವಾ ಅಜ್ಜಿ ಒಂದು ಗಂಟೆ ಜತೆಯಲ್ಲೇ ಕುಳಿತು, ಆಮೇಲೆ ಹೊತ್ತನ್ನು ನಿಧಾನಕ್ಕೆ ಹೆಚ್ಚಿಸಿದರೆ ಟೀಚರಿಗೂ ಧೈರ್ಯ ಬರುತ್ತದೆ. ಔಷಧದ ಹೆಸರು, ಫಿಟ್ಸ್ ಬಂದರೆ ಮಾಡಬೇಕಾದದ್ದು, ಯಾವ ಆಹಾರ ಆಗದು, ಯಾವ ಸನ್ನೆಗೆ ಯಾವ ಅರ್ಥ ಇಷ್ಟನ್ನು ಒಂದು ಹಾಳೆಯಲ್ಲಿ ಬರೆದು ಕೊಡಿ. ಗೋಡೆಗೆ ಅಂಟಿಸಿಕೊಳ್ಳಲಿ. ಮೇಲ್ವಿಚಾರಕರೂ ಪಂಚಾಯತೂ ಮಾಡಬೇಕಾದ ಕೆಲಸ ಇದೆ. ಮೆಟ್ಟಿಲ ಬದಿಗೊಂದು ಇಳಿಜಾರು, ಶೌಚಾಲಯದಲ್ಲಿ ಹಿಡಿದುಕೊಳ್ಳಲು ಒಂದು ಕಂಬಿ, ಮಕ್ಕಳ ಭಾಷೆ ಬಲ್ಲ ತರಬೇತಿದಾರರ ಭೇಟಿ. ವಾರ್ಡ್ ಸಭೆಯಲ್ಲಿ ರಸ್ತೆ, ಚರಂಡಿಗಳ ಜತೆಗೆ ಇದನ್ನೂ ಕೇಳಬೇಕು. ಕೇಳದಿದ್ದರೆ ಯಾರೂ ತಾವಾಗಿ ಕೊಡುವುದಿಲ್ಲ.

ಅಳೆಯುವ ಕೋಲು ಯಾವುದು?

ಹೆತ್ತವರನ್ನು ಹೆಚ್ಚು ದಣಿಸುವುದು ಹೋಲಿಕೆ. ಮದುವೆ ಮನೆಯಲ್ಲಿ, ಬಸ್ಸಿನಲ್ಲಿ, ದೇವಸ್ಥಾನದಲ್ಲಿ "ಎಷ್ಟು ವರ್ಷ? ಇನ್ನೂ ಮಾತಾಡುವುದಿಲ್ಲವಾ?" ಎಂಬ ಪ್ರಶ್ನೆ ತಪ್ಪಿದ್ದಲ್ಲ. ಮೈಲಿಗಲ್ಲಿನ ಪಟ್ಟಿ ತೊಂದರೆಯನ್ನು ಬೇಗ ಕಂಡುಹಿಡಿಯುವುದಕ್ಕೆ ಇರುವುದು. ಕಂಡುಹಿಡಿದ ಮೇಲೂ ಅದೇ ಪಟ್ಟಿಯಿಂದ ಮಗುವನ್ನು ದಿನಾ ಅಳೆಯುತ್ತಿದ್ದರೆ ಮಗು ಮಾಡಿದ್ದೊಂದೂ ಕಣ್ಣಿಗೆ ಬೀಳುವುದಿಲ್ಲ.

ಅದರ ಬದಲು ಒಂದು ನೂರು ಪುಟದ ನೋಟುಬುಕ್ಕು ತನ್ನಿ. ವಾರಕ್ಕೊಮ್ಮೆ ತಾರೀಕು ಹಾಕಿ ಎರಡು ಸಾಲು ಬರೆಯಿರಿ. ಇಂದು ಗೋಡೆ ಹಿಡಿದು ನಾಲ್ಕು ಹೆಜ್ಜೆ. ಇಂದು ಟೀಚರ್ ಹೆಸರು ಕರೆದಾಗ ಕೈ ಎತ್ತಿದ. ಇಂದು ಲೋಟವನ್ನು ತಾನೇ ಹಿಡಿದು ಕುಡಿದಳು, ಅರ್ಧ ಚೆಲ್ಲಿತು. ಬರೆಯುವಾಗ ಇದೇನು ದೊಡ್ಡದು ಎನಿಸುತ್ತದೆ. ಆರು ತಿಂಗಳು ಕಳೆದು ಮೊದಲ ಪುಟ ತೆರೆದರೆ ದಾರಿ ಎಷ್ಟು ಸವೆದಿದೆ ಎಂದು ಗೊತ್ತಾಗುತ್ತದೆ. ವೈದ್ಯರಿಗೂ ವಿಶೇಷ ಶಿಕ್ಷಕರಿಗೂ ಆ ನೋಟುಬುಕ್ಕು ಯಾವ ವರದಿಗಿಂತಲೂ ಉಪಯುಕ್ತ. ಮೂರು ತಿಂಗಳು ಬರೆಯಲು ಹೊಸತೇನೂ ಸಿಗದಿದ್ದರೆ, ಅಥವಾ ಇದ್ದದ್ದು ಹಿಂದೆ ಹೋದರೆ, ಅದೂ ನೋಟುಬುಕ್ಕಿನಲ್ಲೇ ಕಾಣುತ್ತದೆ. ಆಗ ಕಿವಿ, ಕಣ್ಣು, ಥೈರಾಯ್ಡ್ ಮತ್ತೊಮ್ಮೆ ನೋಡಿಸಬೇಕು.

ನಿಮ್ಮ ಮನೆಯಲ್ಲೋ ನೆರೆಮನೆಯಲ್ಲೋ ಮೂರು ತುಂಬಿದ ಇಂಥ ಮಗು ಇದ್ದರೆ ಮುಂದಿನ ಜೂನಿಗೆ ಕಾಯಬೇಕಿಲ್ಲ. ಅಂಗನವಾಡಿಗೆ ವರ್ಷದ ಯಾವ ತಿಂಗಳಲ್ಲಾದರೂ ಸೇರಿಸಬಹುದು. ನಾಳೆ ಬೆಳಿಗ್ಗೆ ಟೀಚರನ್ನು ಕಂಡು ಮಾತಾಡಿ, ತಪಾಸಣೆಯ ತಂಡ ಯಾವಾಗ ಬರುತ್ತದೆಂದು ಕೇಳಿ, ಮಗುವಿನ ಹೆಸರು ರಿಜಿಸ್ಟರಿಗೆ ಹಾಕಿಸಿ. ಮೊದಲ ದಿನ ಎತ್ತಿಕೊಂಡೇ ಹೋಗಬೇಕಾದರೆ ಎತ್ತಿಕೊಂಡು ಹೋಗಿ.